ಬೀಗಿತ್ತಿಯ ಐಸು, ನನ್ನ ಇಸ್ತ್ರಿಪೆಟ್ಟಿಗೆ

ನನ್ನ ಗಂಡ ಇಸಿದ್ರೋ ತೆಂಗಿನ ಮರದಿಂದ ಬಿದ್ದ ಅಂತ ಊರೆಲ್ಲ ಸುದ್ದಿಯಾಗಿತ್ತು. ಶುದ್ಧ ಸುಳ್ಳು. ಮೀಸೆ ಮೂಡುವ ಮೊದಲೇ ಕಳ್ಳು ಇಳಿಸಲು ಮರ ಹತ್ತಿದವನು ಅವನು, ಇಲ್ಲಿಯವರೆಗೆ ಒಂದು ಸಲವೂ ಕಾಲು ಜಾರಿದ್ದಿಲ್ಲ. ಅವನು ಬಿದ್ದದ್ದು ಮರದಿಂದ ಇಳಿದ ಮೇಲೆ, ಸಪಾಟು ನೆಲದ ಮೇಲೆ, ಬೆನ್ನಿಗೆ ಕಳ್ಳಿನ ಬಿದಿರುಗೊಳವೆ ಕಟ್ಟಿಕೊಂಡು ಒಬ್ಬನೇ ಕುಣಿಯುತ್ತಿದ್ದಾಗ. ಈ ಮಾತು ಹೊರಗೆ ಹೋಗಬಾರದು ಅಂತ ಅವನು ನನ್ನ ಕೈ ಹಿಡಿದು ಬೇಡಿಕೊಂಡಿದ್ದ. ನಾನಾಗಿ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ಮಾತ್ರ ಹೇಳಿದೆ.

ಈ ವಯಸ್ಸಿನಲ್ಲಿ ತೋಟದಲ್ಲಿ ಒಬ್ಬನೇ ಕುಣಿಯುವಂಥದ್ದೇನಿತ್ತು ಅಂದರೆ, ಆ ಶನಿವಾರ ನಮ್ಮ ಒಬ್ಬಳೇ ಮಗಳು ಲೆರ್ಮಾಳ ಮದುವೆ. ನಮ್ಮ ಸಮಾರ್ ದ್ವೀಪದಲ್ಲಿ ಪಾದ್ರಿ ಮಂತ್ರ ಹೇಳಿ ಉಂಗುರ ಹಾಕಿಸಿದರೆ ಅರ್ಧ ಮದುವೆ, ಕುರಾಚಾ ಕುಣಿದರೆ ಪೂರ್ತಿ ಮದುವೆ. ಹೆಣ್ಣು ಲಂಗದ ಅಂಚು ಹಿಡಿದು ತಪ್ಪಿಸಿಕೊಳ್ಳುತ್ತಾ ಹೋಗುವುದು, ಗಂಡು ಬೆನ್ನು ಬೀಳುವುದು, ಸುತ್ತ ನಿಂತವರು ಕೇಕೆ ಹಾಕುವುದು, ಅಷ್ಟೇ ಕುಣಿತ. ಆದರೆ ನಮ್ಮೂರಲ್ಲಿ ಒಂದು ಕಟ್ಟುಪಾಡಿದೆ. ಮದುಮಕ್ಕಳು ಕುಣಿದಾದ ಮೇಲೆ ಹೆಣ್ಣಿನ ಅಪ್ಪ ಗಂಡಿನ ಅಮ್ಮನ ಜೊತೆ ಕುಣಿಯಬೇಕು. ಕುಣಿದರೆ ಎರಡೂ ಮನೆ ಒಂದಾಯಿತು ಅಂತ ಅರ್ಥ. ಅವರಲ್ಲಿ ಒಬ್ಬರು ಕೂತುಬಿಟ್ಟರೆ ಯಾಕೆ ಏನು ಅಂತ ಯಾರೂ ಕೇಳುವುದಿಲ್ಲ, ಸಂಬಂಧ ಒಪ್ಪಿಗೆಯಿಲ್ಲ ಅಂತ ಊರೇ ತೀರ್ಮಾನ ಮಾಡಿಬಿಡುತ್ತದೆ. ಹೊಳೆಯಾಚೆಯ ಒಂದು ಮದುವೆಯಲ್ಲಿ ಹೆಣ್ಣಿನ ಅಪ್ಪ ಕಳ್ಳು ಜಾಸ್ತಿಯಾಗಿ ಬಾಳೆಗಿಡದ ಬುಡದಲ್ಲಿ ನಿದ್ದೆ ಹೋಗಿದ್ದ. ಆ ಎರಡು ಮನೆಯವರು ಇವತ್ತಿಗೂ ಚರ್ಚಿನಲ್ಲಿ ಬೇರೆಬೇರೆ ಸಾಲಿನಲ್ಲಿ ಕೂರುತ್ತಾರೆ.

ನಮ್ಮ ಗ್ರಹಚಾರಕ್ಕೆ ಗಂಡಿನ ಅಮ್ಮ ರುಫೀನಾ. ಮೀನು ಮಾರ್ಕೆಟ್ಟಿನ ರುಫೀನಾ. ಅವಳು ಕುಣಿಯಲು ಎದ್ದಳು ಅಂದರೆ ಬ್ಯಾಂಡಿನವರು ಸಿಗರೇಟು ಆರಿಸಿ ನೆಟ್ಟಗೆ ಕೂರುತ್ತಾರೆ. ಅಂಥವಳ ಎದುರು ನಮ್ಮ ಇಸಿದ್ರೋ! ಅದಕ್ಕೇ ಪಾಪ ತೋಟದಲ್ಲಿ ಯಾರೂ ನೋಡದ ಕಡೆ ಅಭ್ಯಾಸ ಮಾಡಲು ಹೋಗಿ ಹಿಮ್ಮಡಿಯ ಮೇಲೆ ತಿರುಗಿದ್ದಾನೆ, ಬಿದ್ದ ಕಾಯಿಯೊಂದರ ಮೇಲೆ ಕಾಲಿಟ್ಟಿದ್ದಾನೆ.

ನನ್ನ ವಿಷಯ ಕೇಳಬೇಡಿ, ನಾನು ಕುಣಿದವಳಲ್ಲ. ನಾನು ಕಾಂದೆಲಾರಿಯಾ, ಊರಿಗೆಲ್ಲ ಕಾಂದಿಂಗ್, ಕೆಂಡದ ಇಸ್ತ್ರಿಪೆಟ್ಟಿಗೆಯವಳು. ಈ ಊರಿನ ಎಲ್ಲ ಕುಣಿತದ ಲಂಗಗಳೂ ನನ್ನ ಕೈಕೆಳಗೆ ಹಾದು ಹೋಗಿವೆ. "ನೀನೂ ಬಾರೇ" ಅಂತ ಯಾರಾದರೂ ಬಾಯಿಮಾತಿಗೆ ಅಂದರೆ, "ಇಸ್ತ್ರಿ ಮಾಡಿ ಕಾದಿರೋ ಮೈ, ಪಾಸ್ಮಾ ಬಡಿಯುತ್ತೆ" ಅಂದುಬಿಡುತ್ತಿದ್ದೆ. ಆಮೇಲೆ ಯಾರೂ ಒತ್ತಾಯ ಮಾಡುತ್ತಿರಲಿಲ್ಲ.

ಪಾಸ್ಮಾ ಅಂದರೆ ನಮ್ಮಲ್ಲಿ ಎಂಥ ಗಂಡೆದೆಯವರೂ ಹೆದರುತ್ತಾರೆ. ದುಡಿದು ಕಾದ ಮೈಗೆ ತಣ್ಣೀರು ಸೋಕಿದರೆ ನರಗಳು ಗಾಬರಿಬಿದ್ದು ಸುರುಟಿಕೊಳ್ಳುತ್ತವೆ. ಕೈ ನಡುಗುತ್ತದೆ, ಅಂಗೈ ಬೆವರುತ್ತದೆ, ಕೀಲುಗಳು ಹಿಡಿದುಕೊಳ್ಳುತ್ತವೆ. ಅದಕ್ಕೇ ಇಸ್ತ್ರಿ ಮಾಡಿದ ದಿನ ನಾನು ಪಾತ್ರೆ ಮುಟ್ಟುವುದಿಲ್ಲ. ಇಸಿದ್ರೋ ಇದನ್ನು ಸೋಮಾರಿತನ ಅನ್ನುತ್ತಾನೆ. ತಾನು ಮಾತ್ರ ಮರ ಇಳಿದ ದಿನ ಸ್ನಾನದ ಹೆಸರೆತ್ತುವುದಿಲ್ಲ. ಅವನ ಪಾಸ್ಮಾಗೆ ಮರ್ಯಾದೆ, ನನ್ನದಕ್ಕೆ ಇಲ್ಲ.

ಮಂಗಳವಾರ ಮಧ್ಯಾಹ್ನ ಪಕ್ಕದ ತೋಟದವರು ಅವನನ್ನು ಹೊತ್ತು ತಂದು ಜಗಲಿಯ ಮೇಲೆ ಮಲಗಿಸಿದರು. ಬಲಗಾಲಿನ ಹರಡು ಆಗಲೇ ಊದಲು ಶುರುವಾಗಿತ್ತು.

"ಉರೀತಿದೆ ಕಣೇ ಕಾಂದಿಂಗ್. ಒಂದು ಬಕೆಟ್ ತಣ್ಣೀರು ಕೊಡು, ಕಾಲಿಟ್ಕೊಳ್ತೀನಿ" ಅಂದ.

"ತಲೆಗಿಲೆ ಕೆಟ್ಟಿದೆಯಾ ನಿಂಗೆ? ಮರ ಹತ್ತಿ ಇಳಿದಿರೋ ಮೈ. ತಣ್ಣೀರಲ್ಲಿಟ್ರೆ ಕಾಲು ಸೇದಿಹೋಗುತ್ತೆ. ಸುಮ್ನೆ ಬಿದ್ಕೋ."

ಕಲ್ಲುಪ್ಪನ್ನು ಬಾಣಲೆಯಲ್ಲಿ ಚಟಪಟ ಅನ್ನುವ ಹಾಗೆ ಹುರಿದೆ, ಬಟ್ಟೆಯಲ್ಲಿ ಗಂಟು ಕಟ್ಟಿ ಊತಕ್ಕೆ ಶಾಖ ಕೊಟ್ಟೆ. ಉಳುಕು ತೆಗೆಯುವ ತೆರ್ಯಾ ಅಜ್ಜಿಗೆ ಹೇಳಿಕಳಿಸಿದೆ. ಅವಳು ಶುಂಠಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ಬೋಗುಣಿ ಹಿಡಿದುಕೊಂಡೇ ಬಂದಳು. ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಎಳೆದ ಎಳೆತಕ್ಕೆ ಇಸಿದ್ರೋ ಕೂಗಿದ ಕೂಗು! ಮೊಟ್ಟೆಯ ಮೇಲೆ ಕೂತಿದ್ದ ನಮ್ಮ ಕೋಳಿ ಎದ್ದು ಓಡಿಹೋಯಿತು, ಆ ಸಲದ ಮೊಟ್ಟೆಯೆಲ್ಲ ಹಾಳು.

ಸಂಜೆಯಾಗುವಷ್ಟರಲ್ಲಿ ಕಾಲು ದೀವಿಹಲಸಿನಂತಾಗಿತ್ತು. ಹಸಿರೂ ನೇರಳೆಯೂ ಕಲೆತ ಬಣ್ಣ, ಬೆರಳುಗಳು ಎಲ್ಲಿವೆ ಅಂತ ಹುಡುಕಬೇಕು.

"ಒಳಗಿನ ಕೆಟ್ಟದ್ದು ಹೊರಗೆ ಬರ್ತಿದೆ ಅಷ್ಟೆ. ಇನ್ನಷ್ಟು ಬಿಸಿ ಕೊಡು" ಅಂದಳು ತೆರ್ಯಾ ಅಜ್ಜಿ. ನಾನು ಇನ್ನಷ್ಟು ಕೊಟ್ಟೆ. ಇಸಿದ್ರೋ ಚಾಪೆಯ ಅಂಚು ಕಚ್ಚಿಕೊಂಡ.

ಲೆರ್ಮಾ ಬಾಗಿಲಿಗೆ ಒರಗಿ ನಿಂತಿದ್ದಳು. "ಅಮ್ಮಾ, ಶನಿವಾರ ಅಪ್ಪನಿಗೆ ಕುಣಿಯೋದಿರಲಿ, ನಿಲ್ಲೋಕಾದ್ರೂ ಆಗುತ್ತಾ?" ಅಂದಳು. ಅವಳ ಕಣ್ಣು ತುಂಬಿತ್ತು.

ಬುಧವಾರ ಬೆಳಗ್ಗೆ ಮನೆ ಮುಂದೆ ಸೈಕಲ್ ಗಾಡಿ ನಿಂತಿತು. ಅದರ ಮೇಲೆ ಮೀನಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ರುಫೀನಾ, ರಬ್ಬರ್ ಬೂಟು ಹಾಕಿಕೊಂಡು, ಮೀನಿನ ಪೊರೆ ಅಂಟಿದ ಅಡ್ಡಬಟ್ಟೆ ಕೂಡ ಬಿಚ್ಚದೆ. ಲೆರ್ಮಾ ತನ್ನ ಹುಡುಗ ರೊಡೆಲ್‌ಗೆ ಹೇಳಿದ್ದಾಳೆ, ರೊಡೆಲ್ ಹೋಗಿ ಅಮ್ಮನಿಗೆ ಹೇಳಿದ್ದಾನೆ. ಬಂದವಳು ನನ್ನನ್ನು ಮಾತಾಡಿಸಲೂ ಇಲ್ಲ, ಸೀದಾ ಇಸಿದ್ರೋ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಏನ್ ಮಾಡಿದ್ರಿ ಇದಕ್ಕೆ?"

"ಶಾಖ ಕೊಟ್ಟಿದೀನಿ" ಅಂದೆ.

"ಶಾಖಾನಾ? ಬೇಯಿಸಿದೀನಿ ಅಂತ ಹೇಳಿ!"

ನನಗೆ ಮೈ ಉರಿದುಹೋಯಿತು. ಇನ್ನೂ ಮದುವೆಯೇ ಆಗಿಲ್ಲ, ಆಗಲೇ ಬೀಗಿತ್ತಿಯ ದರ್ಬಾರು. ಅಷ್ಟರಲ್ಲಿ ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗೆ ಮೀನಿರಲಿಲ್ಲ. ಭತ್ತದ ಹೊಟ್ಟಿನಲ್ಲಿ ಹೂತಿಟ್ಟ ಐಸಿನ ಗಡ್ಡೆ.

"ಏನದು? ಎಲ್ಲಿಗೆ ಇಡ್ತೀರಿ ಅದನ್ನ? ನಮ್ಮನೆ ಗಂಡಸು ಮೀನಲ್ಲ ರುಫೀನಕ್ಕಾ, ಐಸಲ್ಲಿಟ್ಟು ಮಾರೋಕೆ!"

"ಇವರನ್ನ ಕೊಳ್ಳೋರು ಯಾರಮ್ಮಾ? ಶನಿವಾರದ ತನಕ ಕೆಡದೇ ಇದ್ರೆ ಸಾಕು ನಂಗೆ."

ಮಲಗಿದ್ದ ಇಸಿದ್ರೋ ಕಿಸಕ್ಕನೆ ನಕ್ಕ. ಅಷ್ಟು ನೋವಿನಲ್ಲಿಯೂ ನಕ್ಕ, ಮನೆಮುರುಕ! ನಾನು ಗುರಾಯಿಸಿದ ಮೇಲೆ ಕೆಮ್ಮಿದ ಹಾಗೆ ಮಾಡಿದ.

ರುಫೀನಾ ಐಸನ್ನು ಗೋಣಿಚೀಲಕ್ಕೆ ಹಾಕಿ ಮರದ ಕೊಡತಿಯಿಂದ ಕುಟ್ಟತೊಡಗಿದಳು. ಕುಟ್ಟುತ್ತಲೇ ಹೇಳಿದಳು, "ರೊಡೆಲ್ ಬ್ಯಾಸ್ಕೆಟ್‌ಬಾಲ್ ಹುಚ್ಚಿಗೆ ಆಗಾಗ ಕಾಲು ಉಳುಕಿಸ್ಕೊಂಡು ಬರ್ತಾನೆ. ನಾನೂ ಮೊದ್ಲು ನಿಮ್ಮ ಹಾಗೇ ಶಾಖ ಕೊಡ್ತಿದ್ದೆ, ಆನೆಕಾಲಾಗ್ತಿತ್ತು. ಆಟ ಆಡಿಸೋರು ಬುದ್ಧಿ ಹೇಳಿದ್ರು. ಹೊಸ ಉಳುಕಿಗೆ ಬಿಸಿ ತಾಗಿಸಿದ್ರೆ ರಕ್ತ ಎಲ್ಲ ಅಲ್ಲಿಗೇ ನುಗ್ಗುತ್ತೆ, ಊತ ಏರುತ್ತೆ. ಮೊದಲೆರಡು ದಿನ ತಂಪು, ಕಾಲು ಎತ್ತರದಲ್ಲಿ. ಊತ ಇಳಿದ ಮೇಲೆ ನಿಮ್ಮ ಶಾಖ, ಎಷ್ಟು ಬೇಕಾದ್ರೂ ಕೊಡಿ, ನಾನು ಕೇಳಲ್ಲ."

"ಪಾಸ್ಮಾ ಬಡಿದ್ರೆ?"

"ಬಡಿದ್ರೆ ನನ್ನ ಹೆಸರು ಬೇರೆ ಇಟ್ಟು ಕರೀರಿ."

ನಾನು ಸೊಂಟಕ್ಕೆ ಕೈಕೊಟ್ಟು ಗಂಡನಿಗೂ ಐಸಿನ ಚೀಲಕ್ಕೂ ನಡುವೆ ನಿಂತುಬಿಟ್ಟೆ. ಈ ಹೆಂಗಸು ನನ್ನ ಗಂಡನ ಕಾಲನ್ನು ಶಾಶ್ವತವಾಗಿ ಸೇದಿಸಿ ಕೂರಿಸಲಿಕ್ಕೇ ಬಂದಿದ್ದಾಳೆ ಅಂತ ನನಗೆ ಖಾತ್ರಿಯಾಗಿತ್ತು. ಆಗ ಇಸಿದ್ರೋ ಮಾತಾಡಿದ.

"ಕಾಂದಿಂಗ್, ಪಕ್ಕಕ್ಕೆ ಸರಿ. ನಾನು ಶನಿವಾರ ಕುಣೀಲೇಬೇಕು. ಅಪ್ಪ ಕೂತಲ್ಲೇ ಕೂತ ಅಂತ ಆದ್ರೆ ನನ್ನ ಮಗಳು ಆ ಮನೇಲಿ ಹ್ಯಾಗೆ ತಲೆ ಎತ್ಕೊಂಡು ಓಡಾಡ್ತಾಳೆ?"

"ಅಯ್ಯೋ, ನಮ್ಮನೇಲಿ ಅವಳನ್ನ ಯಾರೂ ಏನೂ ಅನ್ನಲ್ಲ. ಊರು ಅನ್ನುತ್ತೆ" ಅಂದಳು ರುಫೀನಾ. ದನಿ ಮೆತ್ತಗಾಗಿತ್ತು.

ನಾನು ಸರಿದೆ. ಮನಸ್ಸಿಲ್ಲದೆ, ಒಂದೇ ಒಂದು ಹೆಜ್ಜೆ.

ಅವಳು ಅವನ ಕಾಲನ್ನು ಅಕ್ಕಿಮೂಟೆಯ ಮೇಲೆ ಏರಿಸಿ, ಒಣ ಟವೆಲು ಸುತ್ತಿ, ಅದರ ಮೇಲೆ ಐಸಿನ ಚೀಲ ಇಟ್ಟಳು. ಐಸು ಬರಿ ಮೈಗೆ ತಾಗಬಾರದಂತೆ, ಚರ್ಮ ಸುಟ್ಟ ಹಾಗಾಗುತ್ತದಂತೆ. ಇಸಿದ್ರೋ ಮೊದಲು ಹಲ್ಲು ಕಚ್ಚಿ ಉಸಿರೆಳೆದ. ಆಮೇಲೆ ಮೆಲ್ಲಗೆ ಭುಜ ಇಳಿಯಿತು, ಕಣ್ಣು ಮುಚ್ಚಿತು. "ಆಹಾಹಾ" ಅಂದ. ಇಷ್ಟು ವರ್ಷ ಅವನ ಬೆನ್ನಿಗೆ, ಮಂಡಿಗೆ, ಸೊಂಟಕ್ಕೆ ನಾನು ಕೊಟ್ಟ ಶಾಖಕ್ಕೆ ಲೆಕ್ಕವಿಲ್ಲ. ಒಂದು ಸಲವಾದರೂ ಹೀಗೆ ಆಹಾ ಅಂದವನಲ್ಲ. ನನಗೆ ಅಳು ಬರುವಷ್ಟು ಹೊಟ್ಟೆಕಿಚ್ಚಾಯಿತು.

ಸ್ವಲ್ಪ ಹೊತ್ತು ಇಟ್ಟು ತೆಗೆಯುವುದು, ಮೈ ತಾನೇ ಬೆಚ್ಚಗಾಗಲು ಬಿಡುವುದು, ಮತ್ತೆ ಇಡುವುದು. ರುಫೀನಾ ಅವತ್ತು ಅಂಗಡಿಯನ್ನು ಮಗನಿಗೆ ಬಿಟ್ಟು ಬಂದಿದ್ದಳು. ನಾನು ಪಾಸ್ಮಾ ಎಲ್ಲಿಂದ ಕಾಲಿಡುತ್ತದೆ ಅಂತ ಕಾಯುತ್ತಿದ್ದೆ. ಅವನ ಕೈಗೆ ಕಾಫಿ ಲೋಟ ಕೊಟ್ಟು, ತುಂಬಾ ತುಂಬಿಸಿ, ನಡುಕ ಬಂತಾ ಅಂತ ನೋಡುವುದು. ಅವನು ಕುಡಿದು ಮುಗಿಸಿದರೆ ಮತ್ತೆ ತುಂಬಿಸಿ ಕೊಡುವುದು.

"ಲೇ, ಇನ್ನೆಷ್ಟು ಕಾಫಿ ಕುಡಿಸ್ತೀಯ? ಈ ಕಾಲಲ್ಲಿ ಎಷ್ಟು ಸಲ ಹಿತ್ತಲಿಗೆ ಹೋಗಲಿ?"

"ಮಾತಾಡ್ಬೇಡ, ಲೋಟ ನೆಟ್ಟಗೆ ಹಿಡ್ಕೋ."

ಒಂದು ಹನಿಯೂ ತುಳುಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಕಾಲುಬೆರಳುಗಳು ಮತ್ತೆ ಕಾಣಿಸಿಕೊಂಡವು.

ನನಗೆ ಸೋತ ಅವಮಾನ ಬೇರೆ. ಆದರೂ ಮನೆಗೆ ಬಂದವಳಲ್ಲವೇ, ಅವಳಿಗೂ ಕಾಫಿ ಕೊಟ್ಟೆ. ಆಗ ಕಣ್ಣಿಗೆ ಬಿತ್ತು. ಅವಳು ಲೋಟದ ಹಿಡಿ ಹಿಡಿಯಲಿಲ್ಲ. ಎರಡು ಅಂಗೈ ನಡುವೆ ಇಟ್ಟುಕೊಂಡು, ಮಕ್ಕಳು ಹಿಡಿಯುವ ಹಾಗೆ ಎತ್ತಿ ಕುಡಿದಳು. ಬೆಳಗ್ಗೆ ಚೀಲದ ಗಂಟನ್ನು ಹಲ್ಲಿನಿಂದ ಬಿಚ್ಚಿದ್ದಳು, ಮಾರ್ಕೆಟ್ಟಿನವರ ಒರಟುತನ ಅಂದುಕೊಂಡಿದ್ದೆ. ಇಸ್ತ್ರಿಯವಳಿಗೆ ಜನರ ಮುಖಕ್ಕಿಂತ ಮೊದಲು ಕೈ ಕಾಣಿಸುತ್ತದೆ.

"ಎಲ್ಲಿ, ಕೈ ತೋರ್ಸಿ" ಅಂದೆ.

"ಏನಿಲ್ಲ ಬಿಡಿ." ಎರಡೂ ಕೈಯನ್ನು ಅಡ್ಡಬಟ್ಟೆಯ ಕೆಳಗೆ ಸೇರಿಸಿದಳು.

"ನನ್ನ ಗಂಡನ ಕಾಲು ನೀವು ನೋಡಬಹುದು, ನಿಮ್ಮ ಕೈ ನಾನು ನೋಡಬಾರದಾ?"

ತೆಗೆದು ತೋರಿಸಿದಳು. ಗಿಣ್ಣುಗಳೆಲ್ಲ ದಪ್ಪ ದಪ್ಪ, ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತಿವೆ. ಬಿಡಿಸಲು ಹೋದರೆ ಮುಖ ಹಿಂಡಿದಳು.

"ಮದುವೆಯಾಗಿ ಬಂದಾಗಿಂದ ಐಸಲ್ಲೇ ಇರೋ ಕೈ. ಬೆಳಗ್ಗೆ ಎದ್ರೆ ಮರಗಟ್ಟಿರುತ್ತೆ. ಮೀನು ಹೆಂಗೋ ಕೊಯ್ತೀನಿ. ಆದ್ರೆ ಕುರಾಚಾದಲ್ಲಿ ಲಂಗದ ಅಂಚು ಬೆರಳ ತುದೀಲಿ ಹಿಡಿದು ಬೀಸಬೇಕಲ್ಲ ಕಾಂದಿಂಗ್. ಮೊನ್ನೆ ಮನೇಲಿ ಬಾಗಿಲು ಹಾಕ್ಕೊಂಡು ಹಿಡಿದು ನೋಡಿದೆ. ಜಾರಿಹೋಯ್ತು. ಮತ್ತೆ ಹಿಡಿದೆ, ಮತ್ತೆ ಜಾರಿಹೋಯ್ತು." ಅವಳು ಕೈಗಳನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. "ಸುಳ್ಳು ಯಾಕೆ ಹೇಳ್ಲಿ. ಇವರ ಕಾಲು ಉಳುಕಿತು ಅಂತ ಕೇಳಿದಾಗ ಪಾಪ ಅನ್ನಿಸಿತು, ಜೊತೆಗೆ ಒಂಚೂರು ಸಮಾಧಾನಾನೂ ಆಯ್ತು. ಅವರು ಕುಣೀದಿದ್ರೆ ನಾನೂ ಕುಣೀಬೇಕಾಗಿಲ್ಲ, ನನ್ನ ಕೈ ವಿಷಯ ಯಾರಿಗೂ ಗೊತ್ತಾಗಲ್ಲ. ಆಮೇಲೆ ನಿಮ್ಮ ಹುಡುಗಿ ಮುಖ ಕಣ್ಮುಂದೆ ಬಂತು. ಪೆಟ್ಟಿಗೆ ಎತ್ಕೊಂಡು ಬಂದೆ."

ಬೆಳಗ್ಗಿನಿಂದ ಅವಳ ಮೇಲೆ ಸಿಟ್ಟು ಬೇಯಿಸುತ್ತಾ ಕೂತಿದ್ದೆ. ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗಿಂತ ಹಿರಿಯಳು, ಊರಿಗೇ ಹೆದರದವಳು, ಮಡಚಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಂದೆ ಕೂತಿದ್ದಳು.

ಎದ್ದು ಹೋಗಿ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದೆ. ಹಿತ್ತಲಿನಿಂದ ಎಳೆಯ ಬಾಳೆಲೆ ಕೊಯ್ದು ತಂದೆ. ಇಸ್ತ್ರಿಪೆಟ್ಟಿಗೆ ನುಣ್ಣಗೆ ಜಾರಲಿ ಅಂತ ಬಾಳೆಲೆಯ ಮೇಲೆ ಒರೆಸುವುದು ನಮ್ಮ ಕಸುಬಿನ ಪದ್ಧತಿ. ಕಾದ ಎಲೆ ಎಷ್ಟು ಹೊತ್ತು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದು ನನ್ನ ಕೈಗೆ ಗೊತ್ತು. ಒದ್ದೆ ಟವೆಲು ಹಾಸಿ, ಅದರ ಮೇಲೆ ಎಲೆ ಹಾಸಿ, ಪೆಟ್ಟಿಗೆ ಓಡಿಸಿದೆ. ಎಲೆ ಬೆವತು ಘಮ್ಮೆಂದಿತು. ನನ್ನ ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿದೆ, ಹಿತವಾದ ಬಿಸಿ.

"ಕೈ ಕೊಡಿ."

ರುಫೀನಾ ಗೋಡೆಗೆ ಅಂಟಿಕೊಂಡಳು. "ಬೇಡ ಬೇಡ! ಈಗಷ್ಟೇ ಐಸು ಮುಟ್ಟಿರೋ ಕೈ! ಬಿಸಿ ತಾಗಿಸಿದ್ರೆ ಪಾಸ್ಮಾ ಬಡಿಯುತ್ತೆ!"

ಇಸಿದ್ರೋ ನನ್ನ ಮುಖ ನೋಡಿದ. ನಾನು ಅವಳ ಮುಖ ನೋಡಿದೆ. ತಾನೇನು ಅಂದೆ ಅನ್ನುವುದು ಅವಳಿಗೂ ಆಗಲೇ ಹೊಳೆದು ನಾಲಿಗೆ ಕಚ್ಚಿಕೊಂಡಳು.

"ಬಡಿದ್ರೆ ನನ್ನ ಹೆಸರು ಬೇರೆ ಇಟ್ಟು ಕರೀರಿ ಬೀಗ್ತಿ" ಅಂದೆ.

ಮೊದಲು ಇಸಿದ್ರೋ ನಕ್ಕ, ಆಮೇಲೆ ಲೆರ್ಮಾ, ಆಮೇಲೆ ನಾವಿಬ್ಬರೂ. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು. ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು. ಬಿಸಿ ಟವೆಲನ್ನು ಎಲೆಯಲ್ಲಿ ಸುತ್ತಿ, ಅವಳ ಎರಡೂ ಕೈಗಳನ್ನು ಕಡುಬು ಕಟ್ಟಿದ ಹಾಗೆ ಕಟ್ಟಿ ಮಡಿಲಲ್ಲಿಟ್ಟೆ. ಅವಳು ತಲೆಯನ್ನು ಗೋಡೆಗೆ ಒರಗಿಸಿದಳು.

"ಆಹಾಹಾ" ಅಂದಳು.

ಅಬ್ಬ, ಎಷ್ಟು ಹಾಯಾಯಿತು ನನಗೆ ಅದನ್ನು ಕೇಳಿ!

ಅಲ್ಲಿಂದ ನಮ್ಮನೆ ಜಗಲಿ ಆಸ್ಪತ್ರೆಯಾಯಿತು. ಒಂದು ಕಡೆ ಅವನ ಕಾಲಿಗೆ ಐಸು, ಇನ್ನೊಂದು ಕಡೆ ಅವಳ ಕೈಗೆ ಬಾಳೆಲೆ. ಗುರುವಾರ ಸಂಜೆ ರುಫೀನಾ ಊತವನ್ನು ಒತ್ತಿ ನೋಡಿ, "ನನ್ನ ಕೆಲಸ ಮುಗೀತು, ನಾಳೆಯಿಂದ ನಿಮ್ಮ ಪಾಳಿ" ಅಂದಳು. ಶುಕ್ರವಾರ ನಾನು ಉಪ್ಪಿನ ಗಂಟು ತೆಗೆದೆ, ಹಿತವಾಗಿ ಕಾಯಿಸಿ ಬಿಗಿದಿದ್ದ ಮಾಂಸಖಂಡಕ್ಕೆ ಒತ್ತಿದೆ. ಅವನು ಈ ಸಲ ಚಾಪೆ ಕಚ್ಚಲಿಲ್ಲ. ಗೋಡೆ ಹಿಡಿದು ಎದ್ದು ನಿಂತ, ಅಂಗಳದ ತನಕ ನಡೆದ. ದಾರಿಯಲ್ಲಿ ಹೋಗುತ್ತಿದ್ದ ತೆರ್ಯಾ ಅಜ್ಜಿ ಬೇಲಿಯಾಚೆ ನಿಂತು ನೋಡಿ, "ನೋಡಿದ್ಯಾ? ನಾನು ಎಳೆದದ್ದು ಈಗ ಕೆಲಸ ಮಾಡ್ತಿದೆ" ಅಂದಳು. ಹೌದಜ್ಜಿ ಅಂದೆ. ಮದುವೆ ಮನೆಯಲ್ಲಿ ಜಗಳ ಯಾಕೆ.

ಶನಿವಾರ ಚರ್ಚಿನಿಂದ ಬರುವಷ್ಟರಲ್ಲಿ ನಮ್ಮ ಅಂಗಳದಲ್ಲಿ ಇಡೀ ಹಂದಿ ಕೆಂಡದ ಮೇಲೆ ಕೆಂಪಗೆ ತಿರುಗುತ್ತಿತ್ತು. ಮಾವಿನಮರದ ಕೆಳಗೆ ಬ್ಯಾಂಡಿನವರು, ಸುತ್ತ ಊರಿಗೆ ಊರೇ. ಲೆರ್ಮಾ, ರೊಡೆಲ್ ಕುಣಿದರು. ಅವನು ಚೆಂಡು ಆಡುವವನ ಹಾಗೇ ಕುಣಿದ, ಪರವಾಗಿಲ್ಲ. ಆಮೇಲೆ ಬ್ಯಾಂಡಿನವರು ರಾಗ ಬದಲಿಸಿದರು. ಜನ ಹಿಂದೆ ಸರಿದು ಜಾಗ ಬಿಟ್ಟರು. ಲೆರ್ಮಾ ಹೂಗುಚ್ಛವನ್ನು ಎದೆಗೊತ್ತಿ ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು.

ಇಸಿದ್ರೋ ಎದ್ದ. ಹರಡಿಗೆ ನಾನು ಬಿಗಿಯಾಗಿ ಪಟ್ಟಿ ಸುತ್ತಿದ್ದೆ, ಹೊರಗೆ ಕಾಣದ ಹಾಗೆ ಪ್ಯಾಂಟು ಇಳಿಬಿಟ್ಟಿದ್ದೆ. ಆ ಕಡೆಯಿಂದ ರುಫೀನಾ ಬಂದಳು, ನಾನೇ ಇಸ್ತ್ರಿ ಮಾಡಿದ ಹಳದಿ ಲಂಗದಲ್ಲಿ. ಬರುವ ಮೊದಲು ಅಡುಗೆಮನೆಯಲ್ಲಿ ಅವಳ ಕೈಗೆ ಕೊನೆಯ ಬಿಸಿ ಎಲೆ ಸುತ್ತಿ ಕಳಿಸಿದ್ದೆ. ಅವಳು ಬಗ್ಗಿ ಲಂಗದ ಅಂಚು ಹಿಡಿದಳು. ನಾನು ಉಸಿರು ಬಿಗಿಹಿಡಿದೆ. ಜಾರಲಿಲ್ಲ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡು ಅಂಚನ್ನು ಹಿಡಿದವು, ಲಂಗ ಅಗಲವಾಗಿ ಬೀಸಿತು. ಜನ ಹೋ ಅಂದರು. ಕೈ ವಿಷಯ ಗೊತ್ತಿದ್ದದ್ದು ನಮ್ಮನೆಯವರಿಗೆ ಮಾತ್ರ. ನನಗಂತೂ ಕಣ್ಣಲ್ಲಿ ನೀರು ತುಂಬಿ ಲಂಗವೇ ಕಾಣಿಸಲಿಲ್ಲ.

ಇಸಿದ್ರೋಗೆ ಬೆನ್ನಟ್ಟಿ ಓಡಲು ಆಗುತ್ತಿರಲಿಲ್ಲ. ಅವಳೂ ಬಲ್ಲವಳು. ತಪ್ಪಿಸಿಕೊಳ್ಳುವ ಬದಲು ಅವನ ಸುತ್ತಲೇ ಸುತ್ತತೊಡಗಿದಳು, ತಾನೇ ಬೆನ್ನಟ್ಟುವವಳ ಹಾಗೆ ಮುನ್ನುಗ್ಗುವುದು, ಹಿಂದಕ್ಕೆ ಸರಿಯುವುದು. ಅವನು ನಿಂತಲ್ಲೇ ಕೈ ಆಡಿಸುತ್ತಾ, ಹೆದರಿದವನ ನಾಟಕ ಮಾಡುತ್ತಾ, ಒಂದೊಂದೇ ಹೆಜ್ಜೆ ಹಾಕಿದ. "ಓಡಿಹೋಗೋ ಇಸಿದ್ರೋ, ಮೀನಿನ ಜೊತೆ ಮಾರ್ಬಿಡ್ತಾಳೆ!" ಅಂತ ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ನೋಟುಗಳು ಹಾರಿಬಂದು ಅವರ ಕಾಲ ಬಳಿ ಬಿದ್ದವು.

ಆ ಸಂತೋಷವೇ ಮುಳುವಾಯಿತು. ಕೇಕೆ ಕೇಳಿ ಉಬ್ಬಿಹೋದ ನನ್ನ ಗಂಡ ಹಿಮ್ಮಡಿಯ ಮೇಲೆ ಗಿರಕ್ಕನೆ ತಿರುಗಿದ. ತೋಟದಲ್ಲಿ ಬೀಳಿಸಿದ ಅದೇ ತಿರುವು! ಬೀಳಲಿಲ್ಲ, ಆದರೆ ಮುಖ ಬಿಳಿಚಿಕೊಂಡಿತು, ಬಲಗಾಲು ನೆಲ ಬಿಟ್ಟಿತು. ಒಂಟಿಕಾಲಿನಲ್ಲಿ ನಿಂತು ನಗುವ ಹಾಗೆ ಮಾಡುತ್ತಿದ್ದ. ಎರಡೂ ಕಡೆಯವರು ತಲೆಬಾಗಿ ಮುಗಿಸುವವರೆಗೆ ಬ್ಯಾಂಡು ನಿಲ್ಲುವುದಿಲ್ಲ. ನಡುವೆ ಕೂತುಬಿಟ್ಟರೆ ಕುಣಿಯದೇ ಇದ್ದದ್ದಕ್ಕಿಂತ ಕೆಟ್ಟದ್ದು. ಮುಂದಿನ ಸಾಲಿನ ಮುದುಕಿಯರು ಆಗಲೇ ಒಬ್ಬರ ಕಿವಿ ಒಬ್ಬರು ಹುಡುಕುತ್ತಿದ್ದರು. ಲೆರ್ಮಾ ತುಟಿ ಕಚ್ಚಿದ್ದು ಕಂಡಿತು.

ರುಫೀನಾ ನಿಲ್ಲಲಿಲ್ಲ. ಲಂಗ ಬೀಸುತ್ತಾ ಒಂದು ಸುತ್ತು ಬಂದಳು, ಎರಡನೇ ಸುತ್ತಿಗೆ ಸೀದಾ ನನ್ನ ಮುಂದೆ ಬಂದು ನಿಂತಳು. ಕೊರಳಲ್ಲಿದ್ದ ಕರವಸ್ತ್ರ ತೆಗೆದು ನನ್ನ ಹೆಗಲ ಮೇಲೆ ಎಸೆದಳು. ಕುರಾಚಾದಲ್ಲಿ ಅದು ಕರೆಯುವ ರೀತಿ, ಎಸೆದ ಮೇಲೆ ಏಳದೆ ವಿಧಿಯಿಲ್ಲ.

"ಅಯ್ಯೋ ಯೇಸುವೇ! ನಂಗೆ ಬರಲ್ಲ!" ಅಂದೆ.

"ಇಸ್ತ್ರಿ ಮಾಡೋಕೆ ಬರುತ್ತಲ್ಲ? ಹಂಗೇ ಕೈ ಆಡ್ಸಿ, ಬನ್ನಿ!"

ಎದ್ದೆ. ಹೇಗೆ ಎದ್ದೆನೋ ದೇವರಿಗೇ ಗೊತ್ತು. ಇಲ್ಲದ ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆ ಕೈಯನ್ನು ಉದ್ದಕ್ಕೆ ಓಡಿಸಿದೆ, ಮೂಲೆಯಲ್ಲಿ ತಿರುಗಿಸಿದೆ, ಎಳೆದುಕೊಂಡೆ. ಕಾಲುಗಳನ್ನು ಏನು ಮಾಡುವುದು ಅಂತ ಯೋಚಿಸುವಷ್ಟರಲ್ಲಿ ಅವು ಆಗಲೇ ಹೊರಟಿದ್ದವು. ಈ ಊರಿನಲ್ಲಿ ಯಾವ ಮದುವೆಯ ಬ್ಯಾಂಡು ಬಾರಿಸಿದರೂ ನನ್ನ ಮನೆಗೆ ಕೇಳಿಸುತ್ತದೆ. ನಾನು ಯಾರದೋ ಬಟ್ಟೆಗೆ ಇಸ್ತ್ರಿ ಹಾಕುತ್ತಾ ನಿಂತಿರುವಾಗ ಮೇಜಿನ ಕೆಳಗೆ ಈ ಕಾಲುಗಳು ಸುಮ್ಮನಿರುತ್ತಿರಲಿಲ್ಲ. ಎಲ್ಲ ಹೆಜ್ಜೆಗಳೂ ಅವಕ್ಕೆ ಗೊತ್ತಿದ್ದವು. ನಾನು ರುಫೀನಾಳನ್ನು ಬೆನ್ನಟ್ಟಿದೆ, ಅವಳು ತಪ್ಪಿಸಿಕೊಂಡಳು, ನಾನು ಅಡ್ಡಗಟ್ಟಿದೆ, ಅವಳು ನನ್ನನ್ನು ಬೆನ್ನಟ್ಟಿದಳು. ಇಬ್ಬರೂ ಬೀಗಿತ್ತಿಯರು ನಡುವೆ ಒಂಟಿಕಾಲಿನ ಇಸಿದ್ರೋನನ್ನು ಕಂಬ ಮಾಡಿಕೊಂಡು ಕುಣಿದೆವು. ಜನ ಬೆಂಚು ಹತ್ತಿ ನಿಂತು ನೋಡಿದರು. ಲೆರ್ಮಾ ಅಳುತ್ತಾ ನಗುತ್ತಾ ಚಪ್ಪಾಳೆ ತಟ್ಟುತ್ತಿದ್ದಳು. ಕೊನೆಗೆ ಬ್ಯಾಂಡು ಏರಿ ನಿಂತಾಗ ನಾವು ಮೂವರೂ ಒಟ್ಟಿಗೆ ತಲೆಬಾಗಿದೆವು, ಇಸಿದ್ರೋ ನನ್ನ ಹೆಗಲು ಹಿಡಿದುಕೊಂಡು. ಮುಂದಿನ ಸಾಲಿನ ಮುದುಕಿಯರೂ ಎದ್ದು ನಿಂತಿದ್ದರು. ಎರಡು ಮನೆ ಒಂದಾಯಿತೋ ಇಲ್ಲವೋ ಅಂತ ಯಾರೂ ಕೇಳಲಿಲ್ಲ.

ಬೆಂಚಿನ ಮೇಲೆ ಕುಸಿದು ಕೂತೆ. ಪಾದ ಕೆಂಡವಾಗಿತ್ತು, ಮಂಡಿ ಡಬಡಬ ಬಡಿಯುತ್ತಿತ್ತು. ರುಫೀನಾ ಮೀನಿನ ಪೆಟ್ಟಿಗೆಯನ್ನು ದರದರ ಎಳೆದುಕೊಂಡು ಬಂದಳು. ಅವತ್ತು ತೊಳೆದು ಕಳ್ಳಿನ ಬಾಟಲಿ ತಂಪಿಗಿಟ್ಟಿದ್ದ ಪೆಟ್ಟಿಗೆ, ಐಸು ಕರಗಿ ಅರ್ಧ ನೀರು. ಬಾಟಲಿ ತೆಗೆದು ಪಕ್ಕಕ್ಕಿಟ್ಟಳು, ನನ್ನ ಕಾಲ ಬಳಿ ಪೆಟ್ಟಿಗೆ ತಂದಿಟ್ಟಳು.

"ಕಾಂದಿಂಗ್, ಬೇಡ! ಕುಣಿದು ಕಾದಿರೋ ಕಾಲು! ಪಾಸ್ಮಾ!" ಅಂತ ಹೆಂಗಸರು ಕೂಗಿದರು. ತೆರ್ಯಾ ಅಜ್ಜಿ ಎದೆಯ ಮೇಲೆ ಶಿಲುಬೆ ಗೀರಿಕೊಂಡಳು.

ನಾನು ಇಸಿದ್ರೋ ಕಡೆ ನೋಡಿದೆ. ಅವನು ಕಳ್ಳು ತುಂಬಿದ ಲೋಟವನ್ನು ಮುಖದ ಮುಂದೆ ಎತ್ತಿ ಹಿಡಿದು ತೋರಿಸಿದ. ಅಂಚಿನವರೆಗೆ ತುಂಬಿತ್ತು, ಒಂದು ಹನಿ ಅಲುಗಲಿಲ್ಲ.

ಎರಡೂ ಕಾಲು ಇಳಿಬಿಟ್ಟೆ. ಅಯ್ಯಯ್ಯಪ್ಪಾ! ನಾನು ಕಿರುಚಿದ್ದಕ್ಕೆ ಬ್ಯಾಂಡಿನವರೇ ಒಂದು ಗಳಿಗೆ ನಿಲ್ಲಿಸಿದರು. ಆಮೇಲೆ ಉರಿ ಇಳಿಯುತ್ತಾ ಬಂತು, ಮಂಡಿಯ ಬಡಿತ ಇಳಿಯುತ್ತಾ ಬಂತು. ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ ಆಹಾಹಾ ಅಂತ ಹೊರಟಿತು. ರುಫೀನಾ ಬೆರಳು ಚಾಚಿ ನನ್ನನ್ನು ತೋರಿಸಿ ನಕ್ಕಳು. ಎಲ್ಲ ಬೆರಳೂ ನೆಟ್ಟಗೆ.

ಇಸಿದ್ರೋ ಕುಂಟುತ್ತಾ ಬಂದು ಪಕ್ಕದಲ್ಲಿ ಕೂತು ತನ್ನ ಎರಡೂ ಕಾಲನ್ನು ಅದೇ ಪೆಟ್ಟಿಗೆಯಲ್ಲಿಟ್ಟ.

"ಇಷ್ಟು ಚೆನ್ನಾಗಿ ಕುಣೀತೀಯ, ಇಷ್ಟು ವರ್ಷ ಯಾಕೆ ಕುಣೀಲಿಲ್ಲ?" ಅಂದ.

"ನೀನು ಕರೆದಿದ್ರೆ ತಾನೆ?"

ಪಾಸ್ಮಾ ಬಡಿಯುತ್ತೆ ಅಂತಿದ್ದೆಯಲ್ಲ ಅಂತ ಅವನು ಕೇಳಲಿಲ್ಲ. ನೀರಿನೊಳಗಿನ ನಾಲ್ಕು ಪಾದಗಳನ್ನು ನೋಡಿದ. ಆಮೇಲೆ ಲೋಟ ಕೆಳಗಿಟ್ಟು, ನನ್ನ ಹೆಗಲ ಮೇಲಿದ್ದ ಕರವಸ್ತ್ರ ತೆಗೆದ. ಮಡಿಸಿದ, ಬಿಚ್ಚಿದ, ನನ್ನ ಮಡಿಲಿಗೆ ಎಸೆದ.

"ಈಗಲಾ? ಆ ಕಾಲಲ್ಲಾ?"

"ಈಗಲ್ಲ. ಊತ ಇಳೀಲಿ."

ಕರವಸ್ತ್ರವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡೆ. ಅವನ ಮಂಡಿಯ ಮೇಲೆ ಕೈಯೂರಿ ಕಾಲನ್ನು ಐಸಿನ ನೀರಿಗೆ ಒತ್ತಿದೆ.

"ಹಾಗಾದ್ರೆ ಸರಿಯಾಗಿ ಮುಳುಗಿಸು" ಅಂದೆ. "ಬೇಗ ವಾಸಿಯಾಗಲಿ."